ಕಾದವರ ಸಾಲು

ಕಬಡ್ಡಿ ಅಂಕಣದಲ್ಲಿ ನನ್ನ ಜಾಗ ಎಡ ಕಾರ್ನರ್. ಅಬಲೂರಿನಲ್ಲಿ, ಹಿರೇಕೆರೂರಿನಲ್ಲಿ, ರಟ್ಟೀಹಳ್ಳಿ, ಹಂಸಭಾವಿಯ ಕಡೆ ಎಲ್ಲಿ ಪಂದ್ಯ ಇಟ್ಟರೂ ಹೋಗಿ ದಾಳಿಗಾರರ ಪಾದ ಹಿಡಿದವನು ನಾನು. ಆಮೇಲೆ ಪಿ.ಟಿ. ಮಾಸ್ತರನಾಗಿ ಮಕ್ಕಳಿಗೂ ಅದನ್ನೇ ಕಲಿಸಿದೆ. ಹೀಗಾಗಿ ಯಾವ ಆಟದ ಮಾತು ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಕಾಯುವವರ ಕಡೆಗೆ. ದಾಳಿಗಾರ ಒಬ್ಬನೇ ಹೋಗುತ್ತಾನೆ, ಎಲ್ಲರಿಗೂ ಕಾಣುತ್ತಾನೆ, ಮೈಕಿನಲ್ಲಿ ಅವನ ಹೆಸರೇ ಮೊಳಗುತ್ತದೆ. ಕಾರ್ನರಿನವನು ಅವನು ಬೆನ್ನು ತಿರುಗಿಸುವ ಒಂದು ಗಳಿಗೆಗಾಗಿ ಉಸಿರು ಬಿಗಿಹಿಡಿದು ಕಾಯಬೇಕು. ಪಾದ ಸಿಕ್ಕ ಮೇಲೂ ಪಕ್ಕದ ಕವರ್ ಆಟಗಾರ ಮೇಲೆ ಬಂದು ಬೀಳದಿದ್ದರೆ ಹಿಡಿತ ನಿಲ್ಲುವುದಿಲ್ಲ. ಅಂಥ ಹಿಡಿತ ಯಾರದು ಎಂದು ಆಮೇಲೆ ಲೆಕ್ಕ ಹಚ್ಚುವುದೇ ಕಷ್ಟ.

2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹಿಡಿತಗಳಿಗೂ ಹೆಸರುವಾರು ಅಂಕ ಬಿತ್ತು. ಈಗ ನಮ್ಮ ಹುಡುಗರು ಕಟ್ಟೆಯ ಮೇಲೆ ಕೂತು ಮಂಜೀತ್ ಛಿಲ್ಲರ್ ದೊಡ್ಡವನೋ, ಇರಾನಿನ ಫಜಲ್ ಅತ್ರಾಚಲಿ ದೊಡ್ಡವನೋ ಎಂದು ರಾತ್ರಿಯವರೆಗೆ ವಾದ ಮಾಡುತ್ತಾರೆ. ಮಂಜೀತ್ ಮೊದಲು ಬೆಂಗಳೂರು ಬುಲ್ಸ್‌ನಲ್ಲಿ ಆಡಿದವನಾದ್ದರಿಂದ ಅವನ ಕಡೆಗೆ ನಾಲ್ಕು ದನಿ ಹೆಚ್ಚು. ಆದರೆ 1990ರಲ್ಲಿ ಬೀಜಿಂಗ್‌ನಲ್ಲಿ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದಾಗ ಭಾರತಕ್ಕೆ ಚಿನ್ನ ತಂದವರಲ್ಲಿ ಕಾರ್ನರ್ ಯಾರು, ಎಷ್ಟು ಹಿಡಿದರು ಎಂದು ಕೇಳಿ ನೋಡಿ, ಕಟ್ಟೆ ಮೌನವಾಗುತ್ತದೆ.

ಇದು ನಮ್ಮೊಬ್ಬರ ಸಂಕಟವಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಎದುರು ತಂಡದ ಚೆಂಡು ಎಸೆಯುವವನನ್ನು ಅವನ ಗೆರೆಯ ಹಿಂದೆಯೇ ಕೆಡವುವುದು ಕಾಯುವವರ ದೊಡ್ಡ ಸಾಹಸ. ಅದನ್ನು ಅಲ್ಲಿನ ಲೀಗ್ ಆಟಗಾರರ ಹೆಸರಿಗೆ ಅಧಿಕೃತವಾಗಿ ಬರೆದುಕೊಳ್ಳಲು ಶುರು ಮಾಡಿದ್ದೇ 1982ರಲ್ಲಿ. ಡೀಕನ್ ಜೋನ್ಸ್ ಎಂಬವನು 1961ರಿಂದ 1974ರವರೆಗೆ ಎದುರಾಳಿಗಳನ್ನು ಕೆಡವಿದ್ದೇ ಕೆಡವಿದ್ದು, ಅಧಿಕೃತ ಪುಸ್ತಕದಲ್ಲಿ ಅವನ ಲೆಕ್ಕ ಇಲ್ಲ. ಅಲ್ಲಿ ವರ್ಷದ ಅತ್ಯುತ್ತಮ ಆಟಗಾರ ಎಂದು ಅಸೋಸಿಯೇಟೆಡ್ ಪ್ರೆಸ್ ಕೊಡುವ ಗೌರವ ಕಾಯುವವರಿಗೆ ಸಿಕ್ಕಿದ್ದು ಎರಡೇ ಸಲ: 1971ರಲ್ಲಿ ಅಲನ್ ಪೇಜ್‌ಗೆ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ. ಉಳಿದದ್ದೆಲ್ಲ ಬಹುಪಾಲು ಚೆಂಡು ಎಸೆದವರ, ಹೊತ್ತು ಓಡಿದವರ ಪಾಲು.

ಕಾದವನ ಹೆಸರನ್ನು ಬರೆದಿಡುವ ವಿಷಯದಲ್ಲಿ ನಮ್ಮ ನೆಲದವರು ಹಿಂದೆ ಬಿದ್ದವರಲ್ಲ. ಈ ಮಾತನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ, ವೀರಗಲ್ಲುಗಳನ್ನು ನೋಡಿ ಹೇಳುತ್ತಿದ್ದೇನೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಕೆರೆಯ ಏರಿ, ಹನುಮಪ್ಪನ ಗುಡಿಯ ಹಿತ್ತಲು, ಹೊಲದ ಬದು, ಎಲ್ಲೆಂದರಲ್ಲಿ ಅವು ನಿಂತಿವೆ. ಈ ಸೀಮೆಯೇ ಅಂಥದ್ದು. ಒಂದು ಕಡೆ ಮಲೆನಾಡಿನ ಸೆರಗು, ಹುಲ್ಲು ಹೇರಳ, ದನ ಹೇರಳ. ಇನ್ನೊಂದು ಕಡೆ ಬನವಾಸಿ ನಾಡು, ಪಾನುಂಗಲ್ಲು ನಾಡು ಎರಡರ ಮೇಲೂ ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣರ ಕಣ್ಣು. ದನವೇ ಐಶ್ವರ್ಯವಾಗಿದ್ದ ಕಾಲದಲ್ಲಿ ಶತ್ರುವಿನ ನಾಡನ್ನು ಕೆಣಕಬೇಕಾದರೆ ಮೊದಲು ಅವನ ದನ ಹೊಡೆದುಕೊಂಡು ಹೋಗುವುದು. ಶಾಸನಗಳು ಅದನ್ನು ತುರುಗೊಳ್ ಎನ್ನುತ್ತವೆ. ಊರನ್ನು ಸುಲಿಯಲು ಬಂದರೆ ಊರಳಿವು, ಹೆಂಗಸರ ಮೇಲೆ ಕೈಮಾಡಿದರೆ ಪೆಣ್ಬುಯ್ಯಲ್. ಕಾದವನು ಸತ್ತದ್ದು ಯಾವುದಕ್ಕಾಗಿ ಎಂಬುದು ಹೀಗೆ ಕಲ್ಲಿನಲ್ಲೇ ನಮೂದಾಗುತ್ತಿತ್ತು.

ನಾನು ಮೇಲಿಂದ ಮೇಲೆ ಹೋಗಿ ನೋಡುವ ಒಂದು ಕಲ್ಲು ನಮ್ಮ ತಾಲ್ಲೂಕಿನ ಕೆರೆ ಏರಿಯ ಬುಡದಲ್ಲಿದೆ. ಮೂರು ಅಂತಸ್ತು. ಕೆಳಗಿನ ಅಂಕಣದಲ್ಲಿ ಎಡಕ್ಕೆ ದನಗಳು, ಒಂದರ ಮುಖದ ಹಿಂದೆ ಇನ್ನೊಂದರ ಮುಖ, ಕೋಡುಗಳು ಒಂದೇ ಸಾಲಿನಲ್ಲಿ ಮೇಲೆದ್ದಿವೆ. ಬಲಕ್ಕೆ ಬಿಲ್ಲು ಹಿಡಿದ ಮೂವರು. ನಡುವೆ ನಮ್ಮವನು ಒಬ್ಬನೇ, ಎಡಗೈಯಲ್ಲಿ ಗುರಾಣಿ, ಬಲಗಾಲು ಮುಂದೆ, ಮೊಣಕಾಲು ಅರೆ ಬಾಗಿದೆ. ಕಾರ್ನರ್ ಆಟಗಾರ ಮುನ್ನುಗ್ಗುವ ಮುಂಚೆ ಮೈಯ ಭಾರವನ್ನು ಮುಂಗಾಲಿಗೆ ತರುವುದು ಹೀಗೆಯೇ. ಆ ಶಿಲ್ಪಿ ಕಾದಾಟವನ್ನು ಕಣ್ಣಾರೆ ಕಂಡವನೇ ಇರಬೇಕು. ನಡುವಿನ ಅಂಕಣದಲ್ಲಿ ಚಾಮರದ ಅಪ್ಸರೆಯರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೊರಟಿದ್ದಾರೆ. ಮೇಲೆ ಶಿವಲಿಂಗ, ಪೂಜಾರಿ, ಕೈಮುಗಿದು ಕೂತ ವೀರ, ಸೂರ್ಯ ಚಂದ್ರ. ಅಲ್ಲಿ ದನ ಮೇಯಿಸುವ ಅಜ್ಜ ಒಬ್ಬರು ಹೇಳಿದ್ದು ನನಗೆ ಪುಸ್ತಕದ ಮಾತಿಗಿಂತ ಹಿಡಿಸಿತು: “ಸರ, ಆ ಮನಷ್ಯಾನ್ನ ಎಲ್ಲಾರೂ ನೋಡ್ತಾರ. ದನದ ಮಾರಿ ಎತ್ತಾಗ ಅದಾವ ನೋಡ್ರಿ. ಊರ ಕಡೆ ತಿರುಗ್ಯಾವು. ಅಂದ್ರ ಮರಳಿ ಬಂದಾವು ಅಂತ ಲೆಕ್ಕ.”

ಹಾಗಾದರೆ ನಮ್ಮ ನೆಲವನ್ನು ಕಾದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮೊದಲು ಯಾರು? ನಮ್ಮೂರಿನವರು ಶಿವಭಕ್ತ ಏಕಾಂತದ ರಾಮಯ್ಯನ ಹೆಸರು ಹೇಳುತ್ತಾರೆಂದು ನನಗೆ ಗೊತ್ತು. ಅಬಲೂರಿನ ಸೋಮೇಶ್ವರ ಗುಡಿಯ ಸುಮಾರು 1200ರ ಶಾಸನದಲ್ಲಿ ಅವನ ಕತೆಯಿದೆ. ಜೈನರೊಂದಿಗೆ ಪಣ ತೊಟ್ಟು ತಲೆ ಅರಿದುಕೊಂಡದ್ದು, ಶಿವನ ದಯೆಯಿಂದ ಮತ್ತೆ ಪಡೆದದ್ದು, ದೊರೆ ಬಿಜ್ಜಳ ಜಯಪತ್ರ ಕೊಟ್ಟದ್ದು ಎಲ್ಲ ಅದರಲ್ಲಿದೆ. ಗುಡಿಯಲ್ಲೇ ಆ ದೃಶ್ಯಗಳ ಕೆತ್ತನೆಯೂ ಇದೆ. ರಾಮಯ್ಯನ ಮೇಲೆ ನನಗೆ ಭಕ್ತಿ ಇದೆ, ಆದರೆ ಈ ಸಾಲಿನಲ್ಲಿ ಅವನನ್ನು ನಿಲ್ಲಿಸಲಾರೆ. ಅದು ಎರಡು ನಂಬಿಕೆಗಳ ನಡುವಿನ ಜಗಳ, ಅದರಲ್ಲಿ ಜಿನನ ಮೂರ್ತಿಯೂ ಬಿತ್ತು. ಕಾಯುವುದು ಎಂದರೆ ಬಿದ್ದದ್ದರ ಲೆಕ್ಕವನ್ನೂ ಇಡಬೇಕಾಗುತ್ತದೆ.

ಅದೇ ಶಾಸನದಲ್ಲಿ ರಾಮಯ್ಯನ ಗುಡಿಗೆ ದತ್ತಿ ಬಿಟ್ಟವರ ಪೈಕಿ ಹಾನಗಲ್ಲಿನ ಕದಂಬ ಕಾಮದೇವನೂ ಇದ್ದಾನೆ. ಅವನ ಕೋಟೆಯ ಮೇಲೆ 1196ರಲ್ಲಿ ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದ, ಆನೆಕೆರೆಯ ಬಳಿ ಬೀಡು ಬಿಟ್ಟು ಮುತ್ತಿಗೆ ಹಾಕಿದ. ಬಲ್ಲಾಳನೆಂದರೆ ಸಾಮಾನ್ಯ ದೊರೆಯಲ್ಲ, ಸೇವುಣರನ್ನೇ ಸೊರಟೂರಿನಲ್ಲಿ ಮುರಿದವನು. ಅಂಥವನನ್ನು ಕಾಮದೇವನ ದಂಡನಾಯಕ ಸೋಹಣಿ ಎದುರಿಸಿ ಹಿಂದಕ್ಕೆ ಅಟ್ಟಿದ, ಅದೇ ಕಾಳಗದಲ್ಲಿ ತಾನೂ ಬಿದ್ದ. ಇಷ್ಟನ್ನೂ ಹಾನಗಲ್ಲಿನ ವೀರಗಲ್ಲೊಂದು ಹೇಳುತ್ತದೆ. ಮುಂದೆ ಬಲ್ಲಾಳನ ಕೈ ಮೇಲಾಯಿತು, ನಿಜ. ಆದರೆ ಆ ದಿನ ಹಾನಗಲ್ಲು ಉಳಿಯಿತು. ಹೆಸರು, ವರ್ಷ, ಎದುರಾಳಿ, ಜಾಗ, ಫಲಿತಾಂಶ ಇಷ್ಟೂ ಒಟ್ಟಿಗೆ ಸಿಗುವ ಕಾಳಗ ನಮ್ಮ ಸೀಮೆಯಲ್ಲಿ ಅಪರೂಪ.

ಹಾನಗಲ್ಲೇ ವಿರಾಟನಗರ ಎಂಬುದು ಈ ಕಡೆಯ ಹಳೆಯ ನಂಬಿಕೆ. ವಿರಾಟನ ದನಗಳನ್ನು ಕೌರವರು ಹೊಡೆದುಕೊಂಡು ಹೋದಾಗ ಬೃಹನ್ನಳೆಯ ವೇಷದ ಅರ್ಜುನ ಮರಳಿಸಿ ತಂದ ಕತೆಯನ್ನು ಇಲ್ಲಿಯವರು ತಮ್ಮೂರ ಸುದ್ದಿ ಎಂಬಂತೆ ಹೇಳುತ್ತಾರೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ಮಕ್ಕಳನ್ನು ಗದರಿಸುತ್ತಾರೆ. ಮಹಾಭಾರತದ ಆ ಪರ್ವವೂ ಒಂದು ತುರುಗೊಳ್ಳೇ. ಅದಕ್ಕೇ ಇರಬೇಕು, ದನಕ್ಕಾಗಿ ಸತ್ತವನಿಗೆ ಇಲ್ಲಿ ಇಷ್ಟೊಂದು ಮರ್ಯಾದೆ.

ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನನ್ನೂ ಮರೆಯುವಂತಿಲ್ಲ. ಗಂಗರ ಶ್ರೀಪುರುಷನ ಕಾಲ, ಸುಮಾರು 750. ರಟ್ಟವಾಡಿಯವರು ನಾಡಿನ ಮೇಲೆ ಬಿದ್ದಾಗ ಕಾದಿ ಸತ್ತವನು. ಇಂದಿನ ಆ ಮಹಾನಗರದ ಜಾಗವನ್ನು ಕಾದವರಲ್ಲಿ ಹೆಸರು ಉಳಿದಿರುವ ಹಳಬ ಅವನು. ಸೋಹಣಿಗಿಂತ ನಾಲ್ಕು ಶತಮಾನಕ್ಕೂ ಮೀರಿ ಹಿರಿಯ.

ಆದರೂ ನನ್ನ ಸಾಲಿನಲ್ಲಿ ಸೋಹಣಿ ಎರಡನೆಯವನು, ಕಿತ್ತಯ್ಯ ಮೂರನೆಯವನು. ಸೋಹಣಿ ದಂಡನಾಯಕ. ದೊರೆಯ ಅನ್ನ ಉಂಡವನು, ಆ ಜೋಳವಾಳಿ ತೀರಿಸಲು ಸಾಯುವುದು ಅವನ ಕರ್ತವ್ಯವೇ ಆಗಿತ್ತು, ಬೆನ್ನಿಗೆ ಕೋಟೆಯೂ ಸೈನ್ಯವೂ ಇತ್ತು. ಕೆರೆ ಏರಿಯ ಕಲ್ಲಿನವನಿಗೆ ಅದೊಂದೂ ಇರಲಿಲ್ಲ. ಬೊಬ್ಬೆ ಕೇಳಿ ಕೈಗೆ ಸಿಕ್ಕ ಆಯುಧ ಹಿಡಿದು ಓಡಿದ. ಹೊಡೆದುಕೊಂಡು ಹೋಗುತ್ತಿದ್ದ ಹಿಂಡಿನಲ್ಲಿ ಅವನ ಸ್ವಂತದ ಆಕಳು ಎಷ್ಟಿದ್ದವೋ, ಮಿಕ್ಕವೆಲ್ಲ ನೆರೆಯವರವು. ಅಂಥವನ ಮನೆಯವರಿಗೆ ಊರು, ನಾಡು ಭೂಮಿ ಬಿಡುತ್ತಿದ್ದವು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ರಕ್ತಕ್ಕೆ ನೆಲ ಕೊಟ್ಟವರು ಕಲ್ಲನ್ನೂ ನಿಲ್ಲಿಸಿದರು, ಅಕ್ಷರವನ್ನೂ ಬರೆಸಿದರು. ಮೊದಲ ಜಾಗ ಅವನಿಗೇ ಸಲ್ಲಬೇಕು.

ತೊಡಕಿರುವುದು ಅಕ್ಷರದಲ್ಲಿ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎರಡೂವರೆ ಸಾಲು ಬರಹ ಇದೆ, ಅವನ ಹೆಸರೂ ಅದರಲ್ಲೇ ಇರಬೇಕು. ವರ್ಷವರ್ಷದ ಎಣ್ಣೆ, ಅರಿಶಿನ, ಕುಂಕುಮ ಅಂಟಿ ಒಂದು ತುದಿ ಮುಚ್ಚಿಹೋಗಿದೆ, ಇನ್ನೊಂದು ತುದಿಯಲ್ಲಿ ಯಾರೋ ಕುಡುಗೋಲು ಮಸೆದಿದ್ದಾರೆ. ಹಳಗನ್ನಡ ಲಿಪಿ ಬಲ್ಲವರು ಈ ಬೇಸಿಗೆಯಲ್ಲಿ ನಮ್ಮ ಕಡೆ ಬಂದರೆ ಅಚ್ಚು ತೆಗೆಯುವ ಕಾಗದ, ನೀರು, ಬ್ರಷ್ಷು ನಾನು ಹೊಂದಿಸುತ್ತೇನೆ. ಕಬಡ್ಡಿ ಹುಡುಗರು ಕಲ್ಲು ತೊಳೆಯಲು ಬರುತ್ತೇವೆಂದು ಈಗಾಗಲೇ ಒಪ್ಪಿದ್ದಾರೆ.