ತಕ್ಕಡಿಯನ್ನು ಮರೆತ ರಸಾಯನಶಾಸ್ತ್ರ

ಪಠ್ಯದ ಹೊರೆ ಇಳಿಸುತ್ತೇವೆಂದು ಎನ್‌ಸಿಇಆರ್‌ಟಿ 2022ರಲ್ಲಿ 11ನೇ ತರಗತಿಯ ರಸಾಯನಶಾಸ್ತ್ರದಿಂದ ಕೆಲವು ಅಧ್ಯಾಯಗಳನ್ನು ತೆಗೆದುಹಾಕಿತು. ಅನಿಲಗಳ ನಿಯಮಗಳನ್ನು ವಿಸ್ತಾರವಾಗಿ ಕಲಿಸುತ್ತಿದ್ದ ದ್ರವ್ಯದ ಸ್ಥಿತಿಗಳ ಅಧ್ಯಾಯವೂ ಅವುಗಳಲ್ಲಿ ಒಂದು. ನಮ್ಮ ಪಿಯು ಕಾಲೇಜುಗಳಲ್ಲಿ ನಡೆಯುವುದೂ ಇದೇ ಪಠ್ಯ. ಗೇ-ಲುಸಾಕ್, ಅವೊಗಾಡ್ರೊ ಮೊದಲ ಅಧ್ಯಾಯದ ಒಂದೊಂದು ಪ್ಯಾರಾದಲ್ಲಿ ಉಳಿದುಕೊಂಡಿದ್ದಾರೆ. ಎರಡನೆಯ ಅಧ್ಯಾಯವೇ ಪರಮಾಣುವಿನ ರಚನೆ. ಉಷ್ಣದ ಮಾತು ಬರುವುದು ಐದನೆಯದರಲ್ಲಿ. ಮೋಲ್ ಲೆಕ್ಕ ಮುಗಿದ ಮರುವಾರವೇ ಹುಡುಗರು ಕ್ವಾಂಟಮ್ ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಿರುತ್ತಾರೆ. ಪರಮಾಣು ಇದೆಯೆಂದು ನಮಗೆ ಗೊತ್ತಾದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ರುದರ್‌ಫರ್ಡ್‌ನ ಚಿನ್ನದ ತಗಡನ್ನು ತೋರಿಸುತ್ತಾರೆ. ರುದರ್‌ಫರ್ಡ್ ಆ ತೀರ್ಮಾನಕ್ಕೆ ಬಂದದ್ದು 1911ರಲ್ಲಿ. ಅದಕ್ಕಿಂತ ನೂರು ವರ್ಷ ಮೊದಲಿನಿಂದಲೇ ರಸಾಯನಜ್ಞರು ಪರಮಾಣುಗಳ ತೂಕ ಬರೆದಿಡುತ್ತಿದ್ದರು. ಆ ನೂರು ವರ್ಷಗಳ ದುಡಿಮೆ ನಮ್ಮ ಪಾಠದಿಂದ ಬಹುಪಾಲು ಅಳಿಸಿಹೋಗಿದೆ.

ವೇದಿಕೆಗಳಲ್ಲಿ ಇನ್ನೊಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಡಾಲ್ಟನ್‌ಗಿಂತ ಎಷ್ಟೋ ಶತಮಾನ ಮೊದಲು ಕಣಾದ ಪರಮಾಣುವನ್ನು ಕಂಡುಹಿಡಿದಿದ್ದ ಎಂದು. ವೈಶೇಷಿಕರ ಚಿಂತನೆ ದೊಡ್ಡದು. ಎರಡು ಪರಮಾಣು ಸೇರಿ ದ್ವ್ಯಣುಕ, ಅಂಥ ಮೂರು ಸೇರಿ ತ್ರ್ಯಣುಕ ಎಂಬ ಕಲ್ಪನೆಯನ್ನು ಓದಿದವರು ಅದನ್ನು ಹಗುರವಾಗಿ ಕಾಣಲಾರರು. ಗ್ರೀಸಿನ ಡೆಮಾಕ್ರಿಟಸನದೂ ಹಾಗೆಯೇ ಗಟ್ಟಿ ತರ್ಕ. ಆದರೆ ಇಬ್ಬರ ಪರಮಾಣುವಿಗೂ ಅಳೆದು ಪಡೆದ ತೂಕವಿರಲಿಲ್ಲ. 1803ರಲ್ಲಿ ಜಾನ್ ಡಾಲ್ಟನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಮಾಡಿದ ಹೊಸ ಕೆಲಸವೆಂದರೆ ಪರಮಾಣುವಿನ ಹೆಸರಿನ ಎದುರು ಒಂದು ಅಂಕಿ ಬರೆದದ್ದು. ಕಣಾದನಿಗೆ ಗೌರವ ಸಲ್ಲಿಸಲು ಈ ವ್ಯತ್ಯಾಸವನ್ನು ಮುಚ್ಚಿಡಬೇಕಾಗಿಲ್ಲ.

ಆ ಅಂಕಿಗೆ ದಾರಿ ಮಾಡಿದವರು ತೂಗುವವರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಮೆಗ್ನೀಸಿಯಂ ಕಾರ್ಬೊನೇಟನ್ನು ಕಾಸಿ, ಕಳೆದುಹೋದ ತೂಕವೆಷ್ಟೆಂದು ಲೆಕ್ಕವಿಟ್ಟು, ಅದು ಒಂದು ಅನಿಲವಾಗಿ ಹೋಯಿತೆಂದು ತೋರಿಸಿದ. ಗುಪ್ತೋಷ್ಣವನ್ನು ಮೊದಲು ಅಳೆದವನೂ ಅವನೇ. ಒಬ್ಬನೇ ಮನುಷ್ಯ ತಕ್ಕಡಿಯನ್ನೂ ಥರ್ಮಾಮೀಟರನ್ನೂ ಹಿಡಿದಿದ್ದ ಎಂಬುದನ್ನು ಓದುಗರು ನೆನಪಿಡಬೇಕು, ಏಕೆಂದರೆ ಮುಂದೆ ಪರಮಾಣುವಿನ ತೂಕವನ್ನು ಇತ್ಯರ್ಥ ಮಾಡಿದ್ದು ಈ ಎರಡರ ಜೋಡಿ. ಪ್ಯಾರಿಸ್ಸಿನಲ್ಲಿ ಲವಾಸಿಯೆ ಅದೇ ಹಾದಿಯಲ್ಲಿ ನಡೆದ. 1782-83ರ ಚಳಿಗಾಲದಲ್ಲಿ ಲಾಪ್ಲಾಸ್ ಜೊತೆ ಸೇರಿ ಮಂಜುಗಡ್ಡೆಯ ಕ್ಯಾಲರಿಮೀಟರ್ ಕಟ್ಟಿದ. ಒಳಗಿಟ್ಟ ವಸ್ತು ಹೊರಬಿಟ್ಟ ಉಷ್ಣ ಎಷ್ಟೆಂದು ಕರಗಿದ ನೀರಿನ ತೂಕವೇ ಹೇಳುತ್ತಿತ್ತು. ಗಿನಿಯಿಲಿಯೊಂದನ್ನು ಅದರೊಳಗಿಟ್ಟು, ಉಸಿರಾಟವೂ ಒಂದು ನಿಧಾನದ ಉರಿಯುವಿಕೆಯೇ ಎಂದು ಅವರು ತೋರಿಸಿದರು. 1789ರ ಅವನ ಗ್ರಂಥದಲ್ಲಿ 33 ಮೂಲವಸ್ತುಗಳ ಪಟ್ಟಿಯಿದೆ. ಬೆಳಕು, ಉಷ್ಣ ಎರಡೂ ಆ ಪಟ್ಟಿಯಲ್ಲಿವೆ. ಉಷ್ಣವೂ ಒಂದು ವಸ್ತುವೆಂಬ ಈ ನಂಬಿಕೆಯನ್ನು ಅಲುಗಿಸಿದವರು 1798ರಲ್ಲಿ ಫಿರಂಗಿ ಕೊರೆಯಿಸುತ್ತ ಕುಳಿತ ರಂಫರ್ಡ್, ಆಮೇಲೆ 1840ರ ದಶಕದಲ್ಲಿ ಮೇಯರ್ ಮತ್ತು ಜೂಲ್.

ಪ್ರೂಸ್ಟ್‌ನ ಸ್ಥಿರಾನುಪಾತ, ಡಾಲ್ಟನ್‌ನ ಗುಣಾನುಪಾತ, ಗೇ-ಲುಸಾಕ್‌ನ ಅನಿಲ ಗಾತ್ರಗಳು, 1811ರ ಅವೊಗಾಡ್ರೊ ಊಹೆ ಇವೆಲ್ಲ ಯಾವ ಪುಸ್ತಕದಲ್ಲೂ ಸಿಗುತ್ತವೆ. ಸಿಗದಿರುವುದು ಆಮೇಲಿನ ಗೊಂದಲ. ಡಾಲ್ಟನ್‌ನ ಪ್ರಕಾರ ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್. 1808ರಲ್ಲಿ ಅವನು ಆಕ್ಸಿಜನ್ನಿಗೆ ಕೊಟ್ಟ ತೂಕ 7. ಅಳತೆ ಸುಧಾರಿಸಿದಾಗ ಅದು 8 ಆಯಿತು, ಆದರೆ ಅದು 8 ಅಲ್ಲ 16 ಎಂದು ಹೇಳುವ ಶಕ್ತಿ ತಕ್ಕಡಿಯೊಂದಕ್ಕೇ ಇರಲಿಲ್ಲ. ಎಷ್ಟು ತೂಕದ ಹೈಡ್ರೋಜನ್ ಎಷ್ಟು ತೂಕದ ಆಕ್ಸಿಜನ್ ಜೊತೆ ಸೇರುತ್ತದೆಂದು ತಕ್ಕಡಿ ಹೇಳುತ್ತದೆ. ಅಷ್ಟರಲ್ಲಿ ಪರಮಾಣುಗಳು ಎಷ್ಟೆಂದು ಅದು ಹೇಳದು. ಬರ್ಜೀಲಿಯಸ್ ಸುಮಾರು ಎರಡು ಸಾವಿರ ಸಂಯುಕ್ತಗಳನ್ನು ವಿಶ್ಲೇಷಿಸಿ ಕೋಷ್ಟಕ ಕಟ್ಟಿದ ಮೇಲೂ ಈ ತೊಡಕು ಬಿಡಲಿಲ್ಲ. 1861ರ ಪಠ್ಯಪುಸ್ತಕವೊಂದರಲ್ಲಿ ಕೆಕುಲೆ ಅಸೆಟಿಕ್ ಆಮ್ಲಕ್ಕೆ ಚಾಲ್ತಿಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿ ಮಾಡಿದ್ದಾನೆ.

ಈ ಗಂಟನ್ನು ಬಿಡಿಸಿದ ಎರಡು ಕೈಗಳಲ್ಲಿ ಒಂದು ಅನಿಲಗಳದ್ದು, ಇನ್ನೊಂದು ಉಷ್ಣದ್ದು. ಅನಿಲಗಳ ಕಥೆ ಕೆಲವರಿಗಾದರೂ ಗೊತ್ತು: 1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ಸಮ್ಮೇಳನ, ಅಲ್ಲಿ ಹಂಚಲಾದ ಕನಿಜಾರೊನ ಕಿರುಹೊತ್ತಗೆ, ಅದನ್ನು ಓದಿ ಕಣ್ಣು ತೆರೆದ ಮೆಂಡಲೀಫ್ ಮತ್ತು ಲೋಥರ್ ಮೇಯರ್. ಉಷ್ಣದ ಕಥೆಯನ್ನು ಮಾತ್ರ ಈಗ ಯಾರೂ ಹೇಳುವುದಿಲ್ಲ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು.

1819ರಲ್ಲಿ ಡುಲಾಂಗ್ ಮತ್ತು ಪೆಟಿ ಎಂಬ ಇಬ್ಬರು ಫ್ರೆಂಚರು ಲೋಹಗಳ ವಿಶಿಷ್ಟೋಷ್ಣಗಳನ್ನು ಅಳೆದರು. ಒಂದು ಗ್ರಾಂ ಸೀಸವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದದ್ದು 0.031 ಕ್ಯಾಲರಿ, ಕಬ್ಬಿಣಕ್ಕಾದರೆ ಸುಮಾರು 0.11. ಈ ಅಂಕಿಗಳಲ್ಲಿ ಯಾವ ಕ್ರಮವೂ ಕಾಣದು. ಆದರೆ ಒಂದೊಂದನ್ನೂ ಆಯಾ ಲೋಹದ ಪರಮಾಣು ತೂಕದಿಂದ ಗುಣಿಸಿದಾಗ ಎಲ್ಲೆಡೆ 6.4ರ ಆಸುಪಾಸಿನಲ್ಲಿ ಒಂದೇ ಬೆಲೆ ಬಂತು. ಲೋಹ ಯಾವುದೇ ಇರಲಿ, ಒಂದು ಪರಮಾಣುವನ್ನು ಬಿಸಿ ಮಾಡಲು ಬೇಕಾದ ಉಷ್ಣ ಒಂದೇ. ಪರಮಾಣುವನ್ನು ಕಾಣದೆ, ಮುಟ್ಟದೆ, ಬಿಸಿ ಲೋಹದ ತುಂಡನ್ನು ತಣ್ಣೀರಿಗೆ ಹಾಕಿ ಅದರ ತೂಕದ ಅಂದಾಜು ಪಡೆಯಬಹುದೆಂದು ಆ ದಿನ ಗೊತ್ತಾಯಿತು. ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ಸುಂದರವಾದ ಫಲಿತಾಂಶ ನನಗೆ ಗೊತ್ತಿಲ್ಲ.

ಇದು ಬರಿಯ ಚೆಲುವಲ್ಲ, ಕೆಲಸಕ್ಕೂ ಬಂತು. ಇಂಡಿಯಂ 1863ರಲ್ಲಿ ಸಿಕ್ಕಿತು. ಅದರ ಆಕ್ಸೈಡಿನಲ್ಲಿ ಒಂದಕ್ಕೆ ಒಂದು ಪರಮಾಣು ಇದೆಯೆಂದು ಊಹಿಸಿ 75.6 ಎಂಬ ತೂಕ ಕೊಟ್ಟಿದ್ದರು. ತನ್ನ ಆವರ್ತ ಕೋಷ್ಟಕದಲ್ಲಿ ಆ ತೂಕಕ್ಕೆ ಜಾಗವಿಲ್ಲವೆಂದು ಕಂಡ ಮೆಂಡಲೀಫ್, ಅದು 113ರ ಹತ್ತಿರ ಇರಬೇಕೆಂದ. ಅದೇ ಹೊತ್ತಿಗೆ, 1870ರಲ್ಲಿ, ಬುನ್‌ಸೆನ್ ಮಂಜುಗಡ್ಡೆಯ ಕ್ಯಾಲರಿಮೀಟರನ್ನು ಹೊಸದಾಗಿ ರೂಪಿಸಿ ಇಂಡಿಯಮ್ಮಿನ ವಿಶಿಷ್ಟೋಷ್ಣ ಅಳೆದಾಗ ಬಂದದ್ದು 0.057. 6.4ನ್ನು ಅದರಿಂದ ಭಾಗಿಸಿ ನೋಡಿ, 112 ಬರುತ್ತದೆ. ಇಂದು ಮೊಬೈಲ್ ಪರದೆಗಳಲ್ಲಿ ಬಳಕೆಯಾಗುವ ಆ ಲೋಹದ ಪರಮಾಣು ತೂಕವನ್ನು ತೀರ್ಮಾನಿಸಿದ್ದು ಕರಗಿದ ಮಂಜು. ವಜ್ರ ಮಾತ್ರ ಈ ನಿಯಮಕ್ಕೆ ಬಗ್ಗಲಿಲ್ಲ. ಅದರ ಗುಣಲಬ್ಧ ಬಹಳ ಕಡಿಮೆ ಬರುತ್ತಿತ್ತು, ಬಿಸಿ ಮಾಡಿದಂತೆಲ್ಲ ಏರುತ್ತಿತ್ತು. ಆ ಹಟಕ್ಕೆ ಕಾರಣ ಹೇಳಿದ್ದು 1907ರ ಐನ್‌ಸ್ಟೈನ್ ಲೇಖನ, ಅದೂ ಕ್ವಾಂಟಮ್ ಕಲ್ಪನೆಯ ಬಲದಿಂದ. ನಾವು ಎರಡನೆಯ ಅಧ್ಯಾಯದಲ್ಲೇ ಹುಡುಗರ ತಲೆಗೆ ತುಂಬುವ ಕ್ವಾಂಟಮ್ ಸಿದ್ಧಾಂತಕ್ಕೆ ದಕ್ಕಿದ ಮೊದಮೊದಲ ಪುರಾವೆಗಳಲ್ಲಿ ಒಂದು ಹೀಗೆ ಕ್ಯಾಲರಿಮೀಟರಿನಿಂದಲೇ ಬಂದದ್ದು.

ತೂಗುವಿಕೆಯ ಮಹಿಮೆಗೆ ಇನ್ನೊಂದು ನಿದರ್ಶನ ಬೆಂಗಳೂರಿಗೆ ನೇರ ಸಂಬಂಧಪಟ್ಟದ್ದು. ಗಾಳಿಯಿಂದ ಪಡೆದ ನೈಟ್ರೋಜನ್ ಲೀಟರಿಗೆ 1.257 ಗ್ರಾಂ, ಸಂಯುಕ್ತಗಳಿಂದ ತಯಾರಿಸಿದ್ದು 1.2505 ಗ್ರಾಂ ಎಂದು ಲಾರ್ಡ್ ರ‍್ಯಾಲಿ ಕಂಡ. ಅರ್ಧ ಶೇಕಡಾದಷ್ಟರ ಈ ಅಂತರವನ್ನು ತಪ್ಪೆಂದು ತಳ್ಳಿಹಾಕದೆ ಅವನೂ ವಿಲಿಯಂ ರ‍್ಯಾಮ್ಸೆಯೂ ಬೆನ್ನುಹತ್ತಿದಾಗ 1894ರಲ್ಲಿ ಆರ್ಗಾನ್ ಸಿಕ್ಕಿತು. 1898ರಲ್ಲಿ ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಸೇರಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡರು. ಜೆಮ್‌ಶೆಟ್‌ಜಿ ಟಾಟಾ ಅವರ ಸಂಶೋಧನಾ ಸಂಸ್ಥೆಗೆ ಸ್ಥಳ ನೋಡಲು 1900ರಲ್ಲಿ ಭಾರತಕ್ಕೆ ಬಂದು ಬೆಂಗಳೂರನ್ನು ಸೂಚಿಸಿದವನು ಇದೇ ರ‍್ಯಾಮ್ಸೆ. ಅಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಇದೇ ಟ್ರಾವರ್ಸ್. 1989ರಲ್ಲಿ ಐಬಿಎಂನ ವಿಜ್ಞಾನಿಗಳು ತಮ್ಮ ಕಂಪನಿಯ ಹೆಸರನ್ನು 35 ಪರಮಾಣುಗಳಿಂದ ಬರೆದು ತೋರಿಸಿದರಲ್ಲ, ಆ ಪರಮಾಣುಗಳು ಕ್ಸೆನಾನಿನವು.

ಎಲೆಕ್ಟ್ರಾನ್, ಬೀಜಕೇಂದ್ರ, ನ್ಯೂಟ್ರಾನ್‌ಗಳ ಕಥೆಯನ್ನು ನಾನಿಲ್ಲಿ ಹೇಳುವುದಿಲ್ಲ. ಅದಕ್ಕೆ ಪಠ್ಯಗಳಲ್ಲಿ ಬೇಕಾದಷ್ಟು ಜಾಗ ಸಿಕ್ಕಿದೆ. ಒಂದು ಮಾತು ಮಾತ್ರ. ಶಕ್ತಿಯೊಂದೇ ಸಾಕು, ಪರಮಾಣು ಬೇಡವೆಂದು ಹಟ ಹಿಡಿದಿದ್ದ ಓಸ್ಟ್‌ವಾಲ್ಡ್ 1909ರಲ್ಲಿ ಸೋಲೊಪ್ಪಿದ್ದಕ್ಕೆ ರುದರ್‌ಫರ್ಡ್ ಕಾರಣನಲ್ಲ. ಥಾಮ್ಸನ್ ಅನಿಲಗಳ ಅಯಾನುಗಳನ್ನು ಎಣಿಸಿದ್ದ, ಪೆರಾಂ ನೀರಿನಲ್ಲಿ ತೇಲುವ ಕಣಗಳ ಚಲನೆಯನ್ನು ಅಳೆದಿದ್ದ. ಬೇರೆ ಬೇರೆ ದಾರಿಗಳಲ್ಲಿ ಹೊರಟರೂ ಅವೊಗಾಡ್ರೊ ಸಂಖ್ಯೆ ಹೆಚ್ಚುಕಡಿಮೆ ಒಂದೇ ಬಂದಾಗ ಪ್ರಾಮಾಣಿಕ ಮನುಷ್ಯ ಒಪ್ಪಿಕೊಂಡ.

ಕನ್ನಡದಲ್ಲಿ ಈ ವಿಜ್ಞಾನವನ್ನು ಹೇಳುವ ಕೆಲಸ ಬೇಗನೆ ಶುರುವಾಯಿತು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಮೈಸೂರಿನ ರಸಾಯನಶಾಸ್ತ್ರದ ಮೇಷ್ಟ್ರು ಜೆ.ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ ಬರೆದರು. ಆ ಪುಸ್ತಕದ ಹೆಸರಿನಲ್ಲಿ ಚರಿತ್ರೆ ಎಂಬ ಮಾತು ಇದೆಯೆಂಬುದೇ ನನಗೆ ಇಷ್ಟ. ಅವರ ತಲೆಮಾರಿಗೆ ಪರಮಾಣು ಒಂದು ಪಡೆದುಕೊಂಡ ಜ್ಞಾನವಾಗಿತ್ತು.

ನಾನು ಪಿಯುಸಿ, ಬಿಎಸ್ಸಿ ಓದಿದ 1970ರ ದಶಕದಲ್ಲಿ ಪ್ರಯೋಗಶಾಲೆಯ ಮೊದಲ ಪಾಠ ತೂಗುವುದು. ಗಾಜಿನ ಪೆಟ್ಟಿಗೆಯೊಳಗಿನ ಕೆಮಿಕಲ್ ಬ್ಯಾಲೆನ್ಸ್, ಅಗೇಟ್ ಕಲ್ಲಿನ ಅಂಚಿನ ಮೇಲೆ ತೂಗುವ ದಂಡ, ಚಿಮುಟದಿಂದಲೇ ಎತ್ತಬೇಕಾದ ತೂಕದ ಬಟ್ಟುಗಳು, ದಂಡದ ಮೇಲೆ ಸರಿಸುವ ರೈಡರ್. ಮುಳ್ಳು ಓಲಾಡಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದ ಬಗ್ಗೆ ಜಗಳವಾಡುತ್ತಿದ್ದೆವು. ಮೆಗ್ನೀಸಿಯಂ ಪಟ್ಟಿಯನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೊರಟ ಹೈಡ್ರೋಜನ್ನನ್ನು ಅಳತೆಗೆರೆಯಿರುವ ಕೊಳವೆಯಲ್ಲಿ ನೀರಿನ ಮೇಲೆ ಹಿಡಿದು, ನೀರಾವಿಯ ಒತ್ತಡ ಕಳೆದು, ಪ್ರಮಾಣಿತ ತಾಪ-ಒತ್ತಡಕ್ಕೆ ತಂದು ಲೆಕ್ಕ ಹಾಕುವುದು ಆ ಕಾಲದ ನೆಚ್ಚಿನ ಪ್ರಯೋಗ. 0.0243 ಗ್ರಾಂ ಪಟ್ಟಿಗೆ 22.4 ಮಿಲಿಲೀಟರ್ ಅನಿಲ. ಅಂದರೆ ಮೆಗ್ನೀಸಿಯಮ್ಮಿನ ಸಮಾನ ತೂಕ (ಸುಮಾರು ಒಂದು ಗ್ರಾಂ ಹೈಡ್ರೋಜನ್ ಹೊರಡಿಸಲು ಬೇಕಾದ ತೂಕ) 12.15. ಇನ್ನೊಂದು ದಿನ ಬಿಸಿ ಲೋಹವನ್ನು ತಾಮ್ರದ ಕ್ಯಾಲರಿಮೀಟರಿಗೆ ಇಳಿಸಿದರೆ ವಿಶಿಷ್ಟೋಷ್ಣ ಸುಮಾರು 0.25, ಡುಲಾಂಗ್-ಪೆಟಿ ಪ್ರಕಾರ ಪರಮಾಣು ತೂಕ 25ರ ಆಸುಪಾಸು. ಅದನ್ನು 12.15ರಿಂದ ಭಾಗಿಸಿದಾಗ ಹತ್ತಿರದ ಪೂರ್ಣಾಂಕ 2, ಅದೇ ವೇಲೆನ್ಸಿ. ಎರಡರಿಂದ ಗುಣಿಸಿದರೆ 24.3. ಪರಮಾಣು ತೂಕ ನಮ್ಮ ಕೈಗಳಿಂದ ಬಂದಿತ್ತು.

ಮೋಲ್ 1971ರಲ್ಲಿ ಅಂತಾರಾಷ್ಟ್ರೀಯ ಮೂಲಮಾನವಾದ ಮೇಲೆ ಸಮಾನ ತೂಕ, ನಾರ್ಮಾಲಿಟಿಗಳು ಮೆಲ್ಲನೆ ಹಿಂದೆ ಸರಿದವು. ಮೋಲ್ ಹೆಚ್ಚು ಸ್ಪಷ್ಟವಾದ ಕಲ್ಪನೆ, ಆ ಬದಲಾವಣೆ ಸರಿಯಾದದ್ದೇ. ಆದರೆ ಸಮಾನ ತೂಕದ ಜೊತೆಗೆ ಅದನ್ನು ಕಂಡುಹಿಡಿಯುವ ಪ್ರಯೋಗವೂ ಹೋದದ್ದು ನಷ್ಟ. ಪ್ರಯೋಗದಿಂದ ಕಲಿಸುವ ಯತ್ನಗಳೂ ನಡೆದಿದ್ದವು. ಅಮೆರಿಕದಲ್ಲಿ 1960ರ ಸುಮಾರಿಗೆ ರೂಪುಗೊಂಡ ಕೆಮ್ ಸ್ಟಡಿ ಯೋಜನೆ ಉರಿಯುವ ಮೇಣದಬತ್ತಿಯನ್ನು ಗಮನಿಸುವುದರಿಂದ ಪಾಠ ಆರಂಭಿಸಿತ್ತು. ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ಹಳ್ಳಿಯ ಶಾಲೆಗಳಿಗೂ ಪ್ರಯೋಗಗಳನ್ನು ಒಯ್ದಿತು. 2002ರಲ್ಲಿ ಸರ್ಕಾರ ಅದನ್ನು ಮುಚ್ಚಿತು. ಆಮೇಲೆ ಪರಮಾಣುವೇ ಮೊದಲು ಎನ್ನುವ ಪಠ್ಯಕ್ರಮ ಅಮೆರಿಕದ ಪುಸ್ತಕಗಳಲ್ಲಿ ಜನಪ್ರಿಯವಾಯಿತು. ನಮ್ಮಲ್ಲಿ ಆ ಕೆಲಸವನ್ನು ಪ್ರವೇಶ ಪರೀಕ್ಷೆಗಳು ಮಾಡಿದವು: ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವವನಿಗೆ ತೂಗಲು ಬರಬೇಕಾಗಿಲ್ಲ.

ವಿಚಿತ್ರವೆಂದರೆ ಇದೇ ವರ್ಷಗಳಲ್ಲಿ ಅಳತೆಯ ವಿಜ್ಞಾನ ತನ್ನ ಅತಿ ದೊಡ್ಡ ಹೆಜ್ಜೆ ಇಟ್ಟಿತು. ನಮ್ಮ ದೇಶ ಸೇರು, ತೊಲಗಳನ್ನು ಬಿಟ್ಟು 1956ರ ಕಾಯ್ದೆಯ ಮೂಲಕ ಕಿಲೋಗ್ರಾಂ ಹಿಡಿಯಿತು. ಆ ಕಿಲೋಗ್ರಾಂ ಆಗ ಪ್ಯಾರಿಸ್ ಹತ್ತಿರದ ಒಂದು ಲೋಹದ ಸಿಲಿಂಡರ್. 57ನೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಪ್ರತಿಗಳಿಗೂ ಮೂಲಕ್ಕೂ ನೂರು ವರ್ಷಗಳಲ್ಲಿ 50 ಮೈಕ್ರೊಗ್ರಾಮಿನಷ್ಟು ಅಂತರ ಬಂದಿತ್ತು. ಸಿಲಿಕಾನ್-28ರ ಒಂದು ಕಿಲೋ ತೂಕದ ಗೋಳ ಮಾಡಿ, ಅದರಲ್ಲಿರುವ ಪರಮಾಣುಗಳನ್ನು ಕ್ಷ-ಕಿರಣಗಳಿಂದ ಎಣಿಸಿದರು. 2019ರ ಮೇ 20ರಿಂದ ಅವೊಗಾಡ್ರೊ ಸಂಖ್ಯೆ 6.02214076 × 10²³ ಎಂದು ಖಚಿತವಾಯಿತು. ತೂಕದಿಂದ ಪರಮಾಣುವಿಗೆ ಹೋದ ರಸಾಯನಶಾಸ್ತ್ರ ಈಗ ಪರಮಾಣುವಿನ ಎಣಿಕೆಯಿಂದ ತೂಕಕ್ಕೆ ಮರಳಬಲ್ಲದು. ಹೋದ ದಾರಿ ತಿಳಿಯದ ವಿದ್ಯಾರ್ಥಿಗೆ ಈ ಮರಳುವಿಕೆ ಏಕೆ ದೊಡ್ಡದೆಂದು ಹೇಗೆ ಅರ್ಥವಾದೀತು?

ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಪಿಯು ಕಾಲೇಜಿನ ಉಪನ್ಯಾಸಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ: ಒಂದು ಉರುಳೆ ಮೆಗ್ನೀಸಿಯಂ ಪಟ್ಟಿ, ಆಮ್ಲ, ಅಳತೆಗೆರೆಯಿರುವ ಗಾಜಿನ ಕೊಳವೆ, ಥರ್ಮಾಮೀಟರ್, ಒಂದು ಸಾಧಾರಣ ಡಿಜಿಟಲ್ ತಕ್ಕಡಿ ಇವು ಎಲ್ಲ ಕಾಲೇಜುಗಳಿಗೂ ಎಟುಕುವ ಸಾಮಾನು. ಪಟ್ಟಿ ಹಗುರ, ಅಂಥ ತಕ್ಕಡಿ ಅದನ್ನು ತೂಗದು ಎಂದರೆ ಒಂದು ಮೀಟರ್ ಪಟ್ಟಿ ತೂಗಿ, ಬೇಕಾದಷ್ಟು ಸೆಂಟಿಮೀಟರ್ ಕತ್ತರಿಸಿಕೊಳ್ಳಿ. ಪರಮಾಣು ರಚನೆಯ ಅಧ್ಯಾಯ ತೆರೆಯುವ ಮೊದಲು ಎರಡು ಪ್ರಯೋಗದ ಅವಧಿಗಳನ್ನು ಇದಕ್ಕೆ ಕೊಡಿ, ಪ್ರತಿ ವಿದ್ಯಾರ್ಥಿಯೂ ತನ್ನದೇ ಅಂಕಿಯನ್ನು ದಾಖಲೆ ಪುಸ್ತಕದಲ್ಲಿ ಬರೆಯಲಿ.