ಗುತ್ತಿಯ ಬೆಟ್ಟದ ನೀರು

ಗುತ್ತಿಯೆಂದೊಡನೆ ನಮ್ಮಲ್ಲಿ ಹಲವರಿಗೆ ಸೊರಬದ ಕಡೆಯ ಚಂದ್ರಗುತ್ತಿಯ ನೆನಪಾಗುತ್ತದೆ. ಶಾಸನಗಳಲ್ಲಿ ಅದಕ್ಕೂ ಗುತ್ತಿಯೆಂಬ ಹೆಸರಿರುವುದರಿಂದ ಓದುವವರು ಎಚ್ಚರದಿಂದಿರಬೇಕು. ನಾವು ಹೇಳಹೊರಟಿರುವುದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗುತ್ತಿ. ಗುಂತಕಲ್ಲಿನ ಆಚೆಗಿರುವ, ರಾಯದುರ್ಗ ಆದವಾನಿಗಳ ಕನ್ನಡಿಗರಿಗೆ ದೂರವಲ್ಲದ ಸ್ಥಳ.

ದಸರೆಯ ರಜೆಯಲ್ಲಿ ಮನೆಯವರೊಡನೆ ಅಲ್ಲಿಗೆ ಹೋಗಿ, ಬೆಟ್ಟದ ಬುಡದ ತೋಟವೊಂದರಲ್ಲಿ ಡೇರೆ ಹಾಕಿ ಎರಡು ರಾತ್ರಿ ತಂಗಿದೆವು. ತೋಟದ ಯಜಮಾನಿ ನಮ್ಮ ಕನ್ನಡಕ್ಕೆ ತಮ್ಮ ತೆಲುಗನ್ನು ಬೆರೆಸಿ, ಬೆಳಗಾಗುವ ಮುಂಚೆಯೇ ಹತ್ತಬೇಕೆಂದೂ ನೀರನ್ನು ಹೆಚ್ಚಾಗಿ ಒಯ್ಯಬೇಕೆಂದೂ ಹೇಳಿದರು. ಮೊದಲನೆಯ ಮಾತನ್ನು ಪಾಲಿಸಿದೆವು.

ನಮ್ಮ ಉದ್ದೇಶ ಶಿಖರದ ಶಾಸನಗಳು. ಅಲ್ಲಿಯ ಪಾಳುಗುಡಿಯ ಬಳಿ ಬಂಡೆಗಳ ಮೇಲೆ ಚಾಲುಕ್ಯ ತ್ರಿಭುವನಮಲ್ಲನ, ಎಂದರೆ ಆರನೆಯ ವಿಕ್ರಮಾದಿತ್ಯನ ಕಾಲದ ಕನ್ನಡ ಬರಹಗಳಿವೆ. ಈತನು ಕ್ರಿ.ಶ. 1076ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷವನ್ನು ಬಿಟ್ಟು ತನ್ನ ಹೆಸರಿನ ವರ್ಷವನ್ನೇ ನಡೆಯಿಸಿದವನು. ವಿಜಯನಗರದ ಬುಕ್ಕರಾಯನ ಸಂಸ್ಕೃತ ಶ್ಲೋಕವೊಂದೂ ಅಲ್ಲಿಯೇ ಇದ್ದು, ಗುತ್ತಿಯನ್ನು ದುರ್ಗಗಳಿಗೆ ರಾಜನೆಂದು ಕೊಂಡಾಡುತ್ತದೆ. ಕಲ್ಲು ಕಡೆದವನು ಕನ್ನಡದಲ್ಲಿ ಕಡೆದನೆಂದರೆ ಹತ್ತಿಬಂದು ಓದುವವರು ಇದ್ದರೆಂದೇ ನಾವು ತಿಳಿಯುತ್ತೇವೆ.

ಬಾಗಿಲ ಮೇಲೆ ಬಾಗಿಲು ದಾಟಿ ಏರುವಾಗ, ಎಂಟು ವರ್ಷದ ನಮ್ಮ ಕಿರಿಯ ಮಗ ಖಾಲಿಯಾಗುತ್ತಿದ್ದ ಹೂಜಿಯನ್ನು ಅಲುಗಾಡಿಸಿ ಕೇಳಿದನು: “ಅಪ್ಪಾ, ಇಲ್ಲಿದ್ದವರು ಏನು ಕುಡೀತಿದ್ರು?” ಶಾಸನಗಳ ವಿಷಯದಲ್ಲಿ ಇಷ್ಟು ಓದಿಕೊಂಡು ಬಂದಿದ್ದ ನಮಗೆ ಒಡನೆ ಉತ್ತರ ಹೊಳೆಯಲಿಲ್ಲ.

ಉತ್ತರ ಕಾಲ ಬುಡದಲ್ಲಿಯೇ ಇತ್ತು. ಈ ಬೆಟ್ಟದ ಮೇಲೆ ಹೊಳೆಯಿಲ್ಲ. ಬಂಡೆಗಳ ಸೀಳುಗಳಿಗೆ ಅಡ್ಡಲಾಗಿ ಕಟ್ಟಿ ಮಳೆಯ ನೀರನ್ನು ಹಿಡಿದ ಕೊಳಗಳೂ ಬಾವಿಗಳೂ ಅಲ್ಲಲ್ಲಿ ಕಾಣುತ್ತವೆ. ಕಣಜ, ಮದ್ದಿನ ಮನೆ ಮೊದಲಾದುವುಗಳ ಪಾಳುಗಳನ್ನು ನೋಡಿದರೆ ಮೇಲೆ ಎಷ್ಟು ಜನ ಬಾಳಿರಬೇಕೆಂದು ಊಹಿಸಬಹುದು. ಅವರೆಲ್ಲರ ಬಾಯಿಗೂ ಆಧಾರ ಆಕಾಶವೊಂದೇ. ನೂರೆಂಟು ಬಾವಿಗಳಿದ್ದುವೆಂದು ಪ್ರತೀತಿ. ನೂರೆಂಟೆಂಬುದು ನಮ್ಮಲ್ಲಿ ಲೆಕ್ಕಕ್ಕಿಂತ ಹೆಚ್ಚಾಗಿ ಗೌರವದ ಮಾತು. ಮಕ್ಕಳು ಎಣಿಸತೊಡಗಿ ಹನ್ನೊಂದಕ್ಕೆ ದಣಿದರು. ಕೆಲವದರಲ್ಲಿ ಹಸುರು ಪಾಚಿಯ ನೀರು, ಉಳಿದವುಗಳಲ್ಲಿ ಮುಳ್ಳುಗಿಡ.

ಗುತ್ತಿಯ ವಿಧಿಯನ್ನು ನಿರ್ಣಯಿಸಿದುದೂ ಈ ಕೊಳಗಳೇ. ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆಯ ಈ ಕೋಟೆಯನ್ನು ಹೈದರಾಲಿಯು 1775–76ರಲ್ಲಿ ಮುತ್ತಿದನು. ಕೆಳಗಿನ ಊರು ಬಿದ್ದಿತು. ಜನರೂ ದನಕುದುರೆಗಳೂ ಮೇಲೆ ತುಂಬಿಕೊಂಡರು. ಕೊಳಗಳು ಬತ್ತುತ್ತ ಬಂದುವು. ಸಂಧಿಯ ಮಾತು ನಡೆದು, ಒತ್ತೆಯಾಗಿ ಕೆಳಗಿಳಿದ ತರುಣನೊಬ್ಬನು ಮೇಲೆ ಮೂರೇ ದಿನಗಳ ನೀರಿದೆಯೆಂಬ ಗುಟ್ಟನ್ನು ಆಡಿಬಿಟ್ಟನೆಂದು ವಿಲ್ಕ್ಸ್ ಬರೆದಿದ್ದಾನೆ. ಮೇಲೆ ಸಂಧಿಯ ಮಾತು ಉಳಿಯಲಿಲ್ಲ. ಫಿರಂಗಿಗಳಿಗೆ ಜಗ್ಗದ ಬೆಟ್ಟ ಬಾಯಾರಿಕೆಗೆ ಬಿದ್ದಿತು. ಮುರಾರಿರಾಯನನ್ನು ಶ್ರೀರಂಗಪಟ್ಟಣಕ್ಕೂ ಅಲ್ಲಿಂದ ಕಬ್ಬಾಳದುರ್ಗಕ್ಕೂ ಒಯ್ದರು. ಅಲ್ಲಿಯೇ, ಇನ್ನೊಂದು ಬೆಟ್ಟದ ಮೇಲೆ, ಸೆರೆಯಲ್ಲಿ ಸತ್ತನು.

ಕಡಿದಾದ ಬಂಡೆಯಂಚಿನ ಗಾರೆಯ ಮಂಟಪವನ್ನು ಎಲ್ಲರೂ ತೋರಿಸುತ್ತಾರೆ. ಮುರಾರಿರಾಯ ಅಲ್ಲಿ ಕುಳಿತು ಚದುರಂಗವಾಡುತ್ತಿದ್ದನಂತೆ. ಬುಡದಲ್ಲಿ ಗೋರಿಗಳ ತೋಟವನ್ನೂ ತೋರಿಸುತ್ತಾರೆ: 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಸತ್ತ ಗವರ್ನರ್ ಮನ್ರೋನನ್ನು ಇಲ್ಲಿ ಹೂಳಿ, 1831ರಲ್ಲಿ ಅಸ್ಥಿಯನ್ನು ಮದರಾಸಿಗೆ ಸಾಗಿಸಿದರು. ಕೊಳಗಳನ್ನು ಮಾತ್ರ ಯಾರೂ ತೋರಿಸಲಿಲ್ಲ. ಅವನ್ನು ಕಟ್ಟಿದವರ, ವರ್ಷವರ್ಷವೂ ಹೂಳೆತ್ತಿದವರ ಹೆಸರುಗಳನ್ನು ನಾವು ನೋಡಿದ ಯಾವ ಬಂಡೆಯೂ ಹೇಳಲಿಲ್ಲ.

ಶಿಖರ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿ ಹೂಜಿ ಬರಿದಾಗಿತ್ತು. ಮೊದಲ ಶಾಸನದ ಎರಡು ಸಾಲುಗಳನ್ನು ನಕಲು ಮಾಡಿಕೊಳ್ಳುವಷ್ಟರಲ್ಲಿ ಮಗನ ತುಟಿ ಒಣಗಿದುದನ್ನು ಕಂಡು ಅವರಮ್ಮ ಪುಸ್ತಕವನ್ನು ಮುಚ್ಚಿಸಿದರು. ಇಳಿದುಬಂದಾಗ ತೋಟದ ಯಜಮಾನಿ ಏನನ್ನೂ ಕೇಳಲಿಲ್ಲ. ತುಂಬಿದ ಬಿಂದಿಗೆಯನ್ನು ಡೇರೆಯ ಬಾಗಿಲಲ್ಲಿಟ್ಟು ಹೋದರು. ಉಳಿದ ಸಾಲುಗಳಿಗಾಗಿ ಸಂಕ್ರಾಂತಿಯ ರಜೆಯಲ್ಲಿ, ಎರಡು ಹೂಜಿಗಳೊಡನೆ, ಮತ್ತೆ ಹೋಗುವವರಿದ್ದೇವೆ.