ವೈದ್ಯನ ಸೋಂಕು, ರೋಗಿಯ ಅಭಯ

ರೋಗಿಯಿಂದ ವೈದ್ಯನಿಗೆ ರೋಗ ತಗಲುವ ಭಯ ಹಳೆಯದು. ವೈದ್ಯನಿಂದಲೇ ರೋಗಿಗೆ ಏಡ್ಸ್ ಬಂದೀತೆಂಬ ಭಯವು ಲೋಕವನ್ನು ತಲ್ಲಣಗೊಳಿಸಿದ್ದು 1990ರಲ್ಲಿ. ಅಮೆರಿಕದ ಫ್ಲಾರಿಡಾ ರಾಜ್ಯದ ದಂತವೈದ್ಯ ಡೇವಿಡ್ ಏಸರನ ಆರು ಮಂದಿ ರೋಗಿಗಳಿಗೆ ಅವನಿಂದಲೇ ಎಚ್‌ಐವಿ ತಗಲಿತೆಂದು ಶೋಧಕರು ನಿರ್ಣಯಿಸಿದರು. ಅವರಲ್ಲೊಬ್ಬಳಾದ ತರುಣಿ ಕಿಂಬರ್ಲಿ ಬರ್ಗಾಲಿಸ್ 1991ರ ಡಿಸೆಂಬರಿನಲ್ಲಿ ಮೃತಳಾದಳು. ಸೋಂಕು ದಾಟಿದ ಬಗೆ ಮಾತ್ರ ಕೊನೆಗೂ ಸ್ಪಷ್ಟವಾಗಲಿಲ್ಲ.

1991ರ ಜುಲೈಯಲ್ಲಿ ಅಲ್ಲಿಯ ರೋಗನಿಯಂತ್ರಣ ಕೇಂದ್ರವು ನಿಯಮಗಳನ್ನು ಪ್ರಕಟಿಸಿತು. ಸೋಂಕಿತ ವೈದ್ಯನು ತಜ್ಞಮಂಡಲಿಯ ಸಲಹೆಯಿಲ್ಲದೆ ಅಪಾಯ ಹೆಚ್ಚಿರುವ ಶಸ್ತ್ರಕ್ರಿಯೆಗಳನ್ನು ಮಾಡಬಾರದೆಂದು ಅದು ಹೇಳಿತು. ಆದರೆ ಎಲ್ಲ ವೈದ್ಯರಿಗೂ ಕಡ್ಡಾಯ ಪರೀಕ್ಷೆಯನ್ನು ಒಪ್ಪಲಿಲ್ಲ. ಬ್ರಿಟನ್ನು ಇಂತಹ ಶಸ್ತ್ರಕ್ರಿಯೆಗಳನ್ನು ಎಚ್‌ಐವಿ ಇರುವ ವೈದ್ಯರಿಗೆ ನಿಷೇಧಿಸಿತ್ತು. ಔಷಧಗಳು ರಕ್ತದಲ್ಲಿನ ವೈರಾಣುವನ್ನು ಅಡಗಿಸಬಲ್ಲವೆಂದು ಸಿದ್ಧವಾದ ಮೇಲೆ, ಚಿಕಿತ್ಸೆ ಮತ್ತು ನಿಯತ ತಪಾಸಣೆಯ ಕಟ್ಟಳೆಯೊಡನೆ ಆ ನಿಷೇಧವನ್ನು ತೆಗೆಯುವುದಾಗಿ 2013ರಲ್ಲಿ ಘೋಷಿಸಿತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ಅದರ ಕುರಿತ ಕಾಯಿದೆ 2017ರಲ್ಲಿ ಅಂಗೀಕೃತವಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿತು. ಇದರನ್ವಯ ಎಚ್‌ಐವಿ ಇದೆಯೆಂಬ ಒಂದೇ ಕಾರಣದಿಂದ ವೈದ್ಯನನ್ನಾಗಲಿ ದಾದಿಯನ್ನಾಗಲಿ ಕೆಲಸದಿಂದ ತೆಗೆಯುವಂತಿಲ್ಲ. ಅಪಾಯ ಗಣನೀಯವೆಂದು ಅಥವಾ ಆ ಕೆಲಸಕ್ಕೆ ಆತ ಅಶಕ್ತನೆಂದು ಸ್ವತಂತ್ರ ತಜ್ಞನು ಬರೆದುಕೊಡಬೇಕು. ಬೇರೆ ಅನುಕೂಲ ಕಲ್ಪಿಸಲು ತನಗಿರುವ ಅಡಚಣೆಯನ್ನು ಆಡಳಿತವೂ ಬರೆದುಕೊಡಬೇಕು. ಕೈಗವಸು ಮೊದಲಾದ ರಕ್ಷಣೆ, ತರಬೇತಿ, ಸೂಜಿ ಚುಚ್ಚಿದಾಗಿನ ಔಷಧ ಇವುಗಳನ್ನು ಒದಗಿಸುವುದು ಆಸ್ಪತ್ರೆಯ ಹೊಣೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕುಟುಂಬಗಳು ಶಸ್ತ್ರಚಿಕಿತ್ಸೆಗಾಗಿ ಬೆಳಗಾವಿಗೆ ಹೋಗುವಂತೆ ಗಡಿ ದಾಟಿ ಮಿರಜ, ಸಾಂಗಲಿ, ಕೊಲ್ಹಾಪುರಗಳಿಗೂ ಹೋಗುತ್ತವೆ. ಕೇಂದ್ರದ ಕಾಯಿದೆಯಾದ್ದರಿಂದ ಗಡಿಯ ಎರಡೂ ಬದಿಗೆ ಇದೊಂದೇ ನಿಯಮ. ಆದರೆ ಇದು ಎಚ್‌ಐವಿಗೆ ಮಾತ್ರ ಸಂಬಂಧಿಸಿದ್ದು. ಹೆಪಟೈಟಿಸ್ ಬಿ ಮತ್ತು ಸಿ ಇದರ ವ್ಯಾಪ್ತಿಯಲ್ಲಿಲ್ಲ. ಸೋಂಕಿನ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30.

ತನ್ನ ಸೋಂಕನ್ನು ಅರಿತೂ ಚಿಕಿತ್ಸೆ, ಸಲಹೆಗಳಿಲ್ಲದೆ ಶಸ್ತ್ರ ಹಿಡಿಯುವ ವೈದ್ಯನು ರೋಗಿಗೆ ದ್ರೋಹ ಬಗೆಯುತ್ತಾನೆ. ಆದರೆ ಸೋಂಕನ್ನು ಹೇಳಿಕೊಂಡವನ ಜೀವನೋಪಾಯವನ್ನೇ ಕಿತ್ತುಕೊಳ್ಳುವ ಸಮಾಜವು ಮುಂದಿನವನಿಗೆ ಮುಚ್ಚಿಡುವುದನ್ನು ಕಲಿಸುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಇಲ್ಲಿಯೂ ತಡೆಯಬೇಕಾದದ್ದು ಪ್ರಮಾದವನ್ನೇ. ಆರೋಗ್ಯ ಶಿಬಿರ ನಡೆಸುವ ಬಸದಿ ಟ್ರಸ್ಟುಗಳು ಯಾರ ರಕ್ತದಲ್ಲಿ ಏನಿದೆಯೆಂದು ಕೆದಕುವ ಬದಲು, ಉಪಕರಣಗಳು ಶುದ್ಧವೇ, ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆಯಾಗಿದೆಯೇ, ಸೂಜಿ ಚುಚ್ಚಿದವರಿಗೆ 72 ಗಂಟೆಗಳೊಳಗೆ ಔಷಧ ದೊರೆಯುವುದೇ ಎಂದು ವಿಚಾರಿಸುವುದು ಯುಕ್ತ.